ಗದುಗಿನಲ್ಲಿ ಹಾರ್ಪಿನ ಪಾಠ ಏಕಿರಬಾರದು?

ಕಳೆದ ಶ್ರಾವಣದಲ್ಲಿ ನಾವು ಲಕ್ಷ್ಮೇಶ್ವರಕ್ಕೆ ಹೋಗಿದ್ದಾಗ ಆಪ್ತರೊಬ್ಬರ ಮನೆಯಲ್ಲಿ ಊಟ ತೀರಿಸಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದೆವು. ಸಂಗೀತ ಕಲಿಯುತ್ತಿರುವ ಆ ಮನೆಯ ಹದಿನಾರು ವರ್ಷದ ಹುಡುಗಿಯು ತನ್ನ ಸ್ವರಮಂಡಲವನ್ನು ತಂದು ನಮ್ಮ ಮುಂದಿಟ್ಟು, “ಕಾಕಾ, ನನಗ ಹಾರ್ಪ್ ಕಲೀಬೇಕಂತ ಭಾಳ ಆಸೆ ಐತ್ರಿ. ಎಲ್ಲಿ ಕಲಸ್ತಾರ?” ಎಂದು ಕೇಳಿದಳು. ನಾವು ಬಾಯಿ ತೆರೆಯುವ ಮುನ್ನವೇ ಅವಳ ಅಜ್ಜನವರು, “ಅದು ನಮ್ಮ ಮಂದಿ ವಾದ್ಯ ಅಲ್ಲ ತಂಗಿ, ಸಾಹೇಬ ಮಂದೀದು. ನೀ ಸುಮ್ಮನ ಪೇಟಿ ಬಾರಿಸು” ಎಂದು ಮಾತು ಮುಗಿಸಿಬಿಟ್ಟರು. ಹುಡುಗಿಗೆ ಪಾಠ ಹೇಳುವವರ ಅಭಿಪ್ರಾಯವೂ ಇದೇ ಆಗಿತ್ತಂತೆ. ಕೂಡಿದವರಲ್ಲಿ ಪದವೀಧರರಿದ್ದರು, ವಕೀಲರಿದ್ದರು, ಸಂಗೀತ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡ್ರುವವರಿದ್ದರು. ಎಲ್ಲರೂ ತಲೆದೂಗಿದರು. ಆ ತಲೆದೂಗುವಿಕೆಗೆ ಅಂದು ಕೊಡಲಾರದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ವಾದ್ಯದ ಪರಿಚಯವಿರಲಿ. ಹಾರ್ಪೆಂದರೆ ಒಂದು ಚೌಕಟ್ಟಿಗೆ ಬಿಗಿದ ತಂತಿಗಳ ಸಾಲು; ಒಂದೊಂದು ಸ್ವರಕ್ಕೆ ಒಂದೊಂದು ತಂತಿ. ಸಿತಾರಿಗಿರುವಂತೆ ಮೆಟ್ಟಿಲುಗಳಿಲ್ಲ, ಸಾರಂಗಿಗಿರುವಂತೆ ಕಮಾನಿಲ್ಲ. ಬರಿಯ ಬೆರಳುಗಳಿಂದ ತಂತಿಯನ್ನು ಮೀಟಿದರಾಯಿತು. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗಕ್ಕೆ ಏರಿಸಿದ ಹಾಸಿನ ನೂಲನ್ನು ನೋಡಿದವರಿಗೆ ಹಾರ್ಪಿನ ರೂಪವು ಅರ್ಧ ತಿಳಿದಂತೆಯೇ ಸರಿ. ಯುರೋಪದ ದೊಡ್ಡ ಹಾರ್ಪಿಗೆ 47 ತಂತಿಗಳೂ ಕಾಲಿನಿಂದ ತುಳಿಯುವ ಏಳು ಪಟ್ಟಿಗಳೂ ಇರುತ್ತವೆ. ಏಳು ಸ್ವರಗಳಿಗೆ ಏಳು ಪಟ್ಟಿಗಳು. ಒಂದೊಂದು ಪಟ್ಟಿಗೆ ಮೂರು ನೆಲೆಗಳು. ಅದನ್ನು ತುಳಿದಂತೆ ಆ ಸ್ವರವು ಕೋಮಲವೋ ಶುದ್ಧವೋ ತೀವ್ರವೋ ಆಗುವದು. ಸೆಬಾಸ್ಟಿಯನ್ ಎರಾರ್ಡ್ ಎಂಬ ಕುಶಲಿಯು 1810ರಲ್ಲಿ ಈ ಯಂತ್ರವನ್ನು ಸಿದ್ಧಗೊಳಿಸಿದನು. ಪ್ಯಾರಿಸಿನ ಸಂಗೀತ ವಿದ್ಯಾಲಯವು 1795ರಲ್ಲಿ ಹುಟ್ಟಿತು. ಅಲ್ಲಿ ಹಾರ್ಪಿನ ತರಗತಿಯು 1825ರಲ್ಲಿ ತೆರೆಯಿತು. ಅಂಥ ಶಾಲೆಯಲ್ಲಿ ಹಾರ್ಪು ಕಲಿಯುವವನು ವಾದ್ಯವನ್ನು ಬಲಹೆಗಲಿಗೆ ಒರಗಿಸಿಕೊಂಡು, ಎರಡೂ ಕೈಗಳ ಕಿರುಬೆರಳನ್ನು ಬಿಟ್ಟು, ಉಳಿದ ಎಂಟು ಬೆರಳುಗಳಿಂದ ನುಡಿಸುವನು. ದಾರಿ ತಪ್ಪದಿರಲೆಂದು ಷಡ್ಜಸ್ಥಾನದ ತಂತಿಗೆ ಕೆಂಪು ಬಣ್ಣ, ಮಧ್ಯಮಸ್ಥಾನದ ತಂತಿಗೆ ಕಪ್ಪು ಬಣ್ಣ. ದಿನವೂ ಪಾಠಕ್ಕೆ ಮುನ್ನ ಒಂದೊಂದಾಗಿ ಎಲ್ಲ ತಂತಿಗಳನ್ನೂ ಶ್ರುತಿಗೂಡಿಸಬೇಕು. ಬೆರಳಿಗಿಂತ ಮೊದಲು ಕಂಠ ಹದಗೊಳ್ಳಬೇಕೆಂದು ಅಲ್ಲಿಯ ವಿದ್ಯಾರ್ಥಿಯು ಸ್ವರಗಳನ್ನು ಹೆಸರು ಹಿಡಿದು ಹಾಡಿ ಕಲಿಯುವನು. ನಮ್ಮ ಮಕ್ಕಳು ನಸುಕಿನಲ್ಲೆದ್ದು ಸರಿಗಮ ಹೇಳುವದಕ್ಕೂ ಇದಕ್ಕೂ ಏನು ದೂರ?

ಇನ್ನು ಆ ವಿದ್ಯಾಲಯಕ್ಕಿರುವ ಹೆಸರು. ‘ಕನ್ಸರ್ವೇಟರಿ’ ಎಂಬ ಮಾತನ್ನು ಕೇಳಿದೊಡನೆ ನಮ್ಮವರ ಕಣ್ಣೆದುರಿಗೆ ಅಮೃತಶಿಲೆಯ ಮೆಟ್ಟಿಲು, ತೂಗುದೀಪ, ಶ್ರೀಮಂತರ ಮಕ್ಕಳು ಬಂದು ನಿಲ್ಲುತ್ತಾರೆ. ಆ ಶಬ್ದದ ಹುಟ್ಟು ಬೇರೆ. ಇಟಲಿಯ ನೇಪಲ್ಸ್ ನಗರದಲ್ಲಿ 16ನೆಯ ಶತಮಾನದಲ್ಲಿ ತಾಯಿತಂದೆಗಳಿಲ್ಲದ ಮಕ್ಕಳನ್ನು ಕಾಪಾಡುವ ಮನೆಗಳು ಎದ್ದವು. ಕಾಪಾಡುವ ಮನೆ ಎಂಬುದೇ ಆ ಮಾತಿನ ಅರ್ಥ. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ, ಬದುಕಿಗೊಂದು ವಿದ್ಯೆ ಎಂದು ಆ ಮಕ್ಕಳಿಗೆ ಸಂಗೀತವನ್ನು ಕಲಿಸಿದರು. ಬರಬರುತ್ತ ಮನೆಯ ಹೆಸರೇ ಸಂಗೀತಶಾಲೆಯ ಹೆಸರಾಯಿತು. ವೆನಿಸ್ಸಿನಲ್ಲಿಯೂ ಅನಾಥ ಹೆಣ್ಣುಮಕ್ಕಳ ಇಂಥದೊಂದು ಆಶ್ರಯವಿತ್ತು. 1703ರಿಂದ ಅಲ್ಲಿ ವಿವಾಲ್ಡಿಯಂಥವನು ಪಾಠ ಹೇಳಿದನು.

ಇದನ್ನು ಓದಿದ ಗದುಗಿನವನಿಗೆ ಏನು ನೆನಪಾಗಬೇಕು? ಹುಟ್ಟುಗುರುಡರಾದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದು, ಹಿಂದುಸ್ತಾನಿ ಕರ್ನಾಟಕಿ ಎರಡನ್ನೂ ಸಾಧಿಸಿ, ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು ಪಾಠಶಾಲೆ ನಡೆಸಿ, ಕೊನೆಗೆ ಗದುಗಿನಲ್ಲಿ ನೆಲೆನಿಂತರು. ಅದೇ ವೀರೇಶ್ವರ ಪುಣ್ಯಾಶ್ರಮ. ಅವರ ಬಳಿಕ ಅದನ್ನು ಪುಟ್ಟರಾಜ ಗವಾಯಿಗಳು (1914–2010) ಹೊತ್ತರು. ಅವರಿಗೂ ಕಣ್ಣಿರಲಿಲ್ಲ. ನಾಟಕ ಮಂಡಳಿಯನ್ನು ನಡೆಸಿ, ಅದರ ಗಳಿಕೆಯಿಂದ ಮಕ್ಕಳಿಗೆ ಅನ್ನ ಹಾಕಿದರು. ಅಲ್ಲಿ ಜಾತಿ ಕೇಳಲಿಲ್ಲ, ಪಾಠಕ್ಕೆ ಶುಲ್ಕ ಕೇಳಲಿಲ್ಲ. ಶಬ್ದದ ಮೂಲಾರ್ಥ ಹಿಡಿದು ಹೇಳುವದಾದರೆ ಪ್ಯಾರಿಸಿನದಕ್ಕಿಂತ ಗದುಗಿನದೇ ನಿಜವಾದ ಕನ್ಸರ್ವೇಟರಿ. ಹೀಗಿದ್ದು ಲಕ್ಷ್ಮೇಶ್ವರದ ಹುಡುಗಿಗೆ “ಹಾರ್ಪು ಕಲಿಯಬೇಕಾದರೆ ಪರದೇಶಕ್ಕೆ ಹೋಗು” ಎಂದು ನಗುತ್ತೇವೆ!

ಈಗ ‘ಸಾಹೇಬರ ವಾದ್ಯ’ ಎಂಬ ಆಕ್ಷೇಪಕ್ಕೆ ಬರೋಣ. ಅಜ್ಜನವರು ಹೊಗಳಿದ ಪೇಟಿಯು ಎಲ್ಲಿಯದು? 1842ರಲ್ಲಿ ಪ್ಯಾರಿಸಿನ ಡೆಬೆನ್ ಎಂಬವನು ಹಾರ್ಮೋನಿಯಮ್ಮಿಗೆ ಹಕ್ಕುಪತ್ರ ಪಡೆದನು. ಅದು ಹಡಗು ಹತ್ತಿ ಕಲಕತ್ತೆಗೆ ಬಂದು, ಕಾಲಿನ ತಿದಿ ಹೋಗಿ ಕೈತಿದಿಯಾಗಿ, ನಾಟಕದ ಕಂಪನಿಗಳ ಸಂಗಡ ನಮ್ಮ ಶಿರಹಟ್ಟಿ ಮುಂಡರಗಿಗಳ ಜಾತ್ರೆಯವರೆಗೂ ತಲುಪಿತು. ಇಂದು ಭಜನೆಯಿಂದ ಕಚೇರಿಯವರೆಗೆ ಪೇಟಿಯಿಲ್ಲದೆ ನಡೆಯುವದಿಲ್ಲ. ಪುಟ್ಟರಾಜ ಗವಾಯಿಗಳ ಕೈಯಲ್ಲಿ ಅದು ನುಡಿದ ಬಗೆಯನ್ನು ಕೇಳಿದವರು ಪೇಟಿಯನ್ನು ಪರಕೀಯವೆನ್ನಲಾರರು, ನಾವೂ ಅನ್ನುವದಿಲ್ಲ. ಪಿಟೀಲಾದರೂ ಎಲ್ಲಿಯದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿಯನ್ನರಿಂದ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿಕೊಟ್ಟರು. ನೂರು ಇನ್ನೂರು ವರ್ಷಗಳ ಕೆಳಗೆ ಬಂದಿಳಿದ ಇವು ಎರಡೂ ನಮ್ಮವಾದವು. ಆಗಲಿ, ಸಂತೋಷ.

ಹಾರ್ಪಿನ ಕಥೆ ಇದಕ್ಕೆ ತೀರ ತಿರುಗುಮುರುಗು. ಭಾರಹುತದ ಸ್ತೂಪದಲ್ಲಿ, ಅಮರಾವತಿಯ ಶಿಲ್ಪದಲ್ಲಿ, ಸಮುದ್ರಗುಪ್ತನು ಆಸನದ ಮೇಲೆ ಕುಳಿತು ವೀಣೆ ನುಡಿಸುತ್ತಿರುವ ಬಂಗಾರದ ನಾಣ್ಯದಲ್ಲಿ ಕಾಣುವ ವಾದ್ಯ ಯಾವದು? ಅದಕ್ಕೆ ಇಂದಿನ ವೀಣೆಯ ದಂಡಿ ಇಲ್ಲ, ಮೆಟ್ಟಿಲಿಲ್ಲ. ಬಿಲ್ಲಿನಂತೆ ಬಾಗಿದ ಕೊರಳು, ಅದರಿಂದ ಹೊಟ್ಟೆಗೆ ಬಿಗಿದ ತಂತಿಗಳ ಸಾಲು. ಅದು ಹಾರ್ಪೇ. ಪ್ರಾಚೀನರು ‘ವೀಣಾ’ ಎಂದದ್ದು ಮುಖ್ಯವಾಗಿ ಇಂಥ ಬಿಲ್ಲುವೀಣೆಯನ್ನೇ ಎಂದು ಆನಂದ ಕುಮಾರಸ್ವಾಮಿಯವರು 1930ರಲ್ಲಿಯೇ ಪಾಂಡಿತ್ಯಪೂರ್ಣವಾಗಿ ತೋರಿಸಿದ್ದಾರೆ. ನಾಟ್ಯಶಾಸ್ತ್ರದಲ್ಲಿ ಬರುವ ಚಿತ್ರಾವೀಣೆಗೆ ಏಳು ತಂತಿ, ವಿಪಂಚಿಗೆ ಒಂಬತ್ತು. ಮೊದಲನೆಯದನ್ನು ಬೆರಳಿನಿಂದಲೂ ಎರಡನೆಯದನ್ನು ಕೋಣದಿಂದಲೂ ನುಡಿಸಬೇಕೆಂದು ಭರತನು ಹೇಳುತ್ತಾನೆ. ತಮಿಳರ ‘ಯಾಳ್’ ಇದೇ ಕುಲದ್ದು. ಅದರ ಶಾಸ್ತ್ರವನ್ನು ಮರಳಿ ಕಟ್ಟಲು ಸ್ವಾಮಿ ವಿಪುಲಾನಂದರು ವರ್ಷಗಟ್ಟಲೆ ದುಡಿದು ‘ಯಾಳ್ ನೂಲ್’ ಎಂಬ ಗ್ರಂಥವನ್ನು 1947ರಲ್ಲಿ ಹೊರತಂದು, ಅದೇ ವರ್ಷ ತೀರಿಕೊಂಡರು. ಅವರೂ ನಮ್ಮ ಪಂಚಾಕ್ಷರಿ ಗವಾಯಿಗಳೂ ಒಂದೇ ವರ್ಷ, 1892ರಲ್ಲಿ, ಹುಟ್ಟಿದವರೆಂಬುದು ಕೇವಲ ಯೋಗಾಯೋಗ. ಆದರೂ ಹೇಳದೆ ಇರಲಾರೆವು. ಮಧ್ಯಪ್ರದೇಶದ ಮಂಡಲಾ ಸೀಮೆಯಲ್ಲಿ ಗೊಂಡರ ಕಥೆ ಹಾಡುವ ಪರಧಾನರ ಬಳಿ ಐದು ತಂತಿಗಳ ‘ಬೀನ್ ಬಾಜಾ’ ಎಂಬ ಬಿಲ್ಲುವೀಣೆಯು ನಮ್ಮ ಕಾಲದವರೆಗೂ ಉಳಿದು ಬಂದಿದೆ. ಬೌದ್ಧಧರ್ಮದ ಸಂಗಡ ಭಾರತದಿಂದ ಹೊರಟ ವಾದ್ಯವು ಬ್ರಹ್ಮದೇಶದಲ್ಲಿ ‘ಸೌಂಗ್’ ಎಂಬ ಹೆಸರಿನಿಂದ ರಾಷ್ಟ್ರವಾದ್ಯದ ಮಾನ ಪಡೆದಿದೆ. ಒಟ್ಟಿನಲ್ಲಿ, ಹೊರಗಿನಿಂದ ಬಂದದ್ದನ್ನು ಮನೆಯ ಮಗನೆಂದು ಮಡಿಲಿಗೆ ಹಾಕಿಕೊಂಡು, ಮನೆಯಿಂದ ಹೊರಬಿದ್ದ ಮಗಳು ತಿರುಗಿ ಬಂದರೆ ಬಾಗಿಲು ಹಾಕುತ್ತಿದ್ದೇವೆ.

“ಹಾಗಾದರೆ ನಮ್ಮವರು ಅದನ್ನು ಬಿಟ್ಟದ್ದೇಕೆ?” ಎಂದು ಬಲ್ಲವರು ಕೇಳುವರು. ಇದೇ ತೂಕವುಳ್ಳ ಪ್ರಶ್ನೆ. ಒಂದು ತಂತಿಯಲ್ಲಿ ಒಂದೇ ಸ್ವರವಿದ್ದರೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬಾರದು, ಗಮಕ ಬಾರದು. ರಾಗದ ಜೀವ ಅಂಥ ಜಾರುವಿಕೆಯಲ್ಲಿದೆಯೆಂದು ಕಂಡಂತೆ ದಂಡಿಯ ವೀಣೆಯು ಮುಂದೆ ಬಂದಿತು, ಬಿಲ್ಲುವೀಣೆಯು ಹಿಂದೆ ಬಿದ್ದಿತು. ಈ ಮಾತನ್ನು ನಾವು ಒಪ್ಪುತ್ತೇವೆ. ದರಬಾರಿಯ ಕೋಮಲ ಗಾಂಧಾರವನ್ನು ಹಾರ್ಪಿನ ಮೇಲೆ ತೂಗಿಸಿ ತೋರಿಸುವೆನೆಂದು ಯಾರಾದರೂ ಹೇಳಿದರೆ ನಾವು ನಂಬಲಾರೆವು. ಆದರೆ ಈ ಆಕ್ಷೇಪವನ್ನು ಪೇಟಿಯ ಮುಂದೆ ಕುಳಿತು ಹೇಳುವದು ಯಾವ ನ್ಯಾಯ? ಪೇಟಿಯಲ್ಲಿ ಮೀಂಡು ಇದೆಯೇ? ಅದಿಲ್ಲವೆಂಬ ಕಾರಣಕ್ಕಾಗಿಯೂ, ಅದರ ಸ್ವರಗಳು ನಮ್ಮ ಶ್ರುತಿಗೆ ಸಲ್ಲವೆಂಬ ಕಾರಣಕ್ಕಾಗಿಯೂ ಆಕಾಶವಾಣಿಯವರು 1940ರಲ್ಲಿ ಪೇಟಿಯನ್ನು ಹೊರಗಿಟ್ಟು, 1971ರವರೆಗೆ ಅದರ ಮೇಲಿನ ನಿಷೇಧವನ್ನು ಸಡಲಿಸಲಿಲ್ಲ. ಪೇಟಿಯವರು ಅಂಜಲಿಲ್ಲ, ಬೆರಳಿನ ಚಾತುರ್ಯದಿಂದ ಕಿವಿಯನ್ನು ಮರುಳುಮಾಡುವದನ್ನು ಸಾಧಿಸಿದರು. ಕಾಶ್ಮೀರದ ಸಂತೂರಿನ ಮಾತೂ ಇಷ್ಟೇ. ನೂರು ತಂತಿಗಳ ಆ ಪೆಟ್ಟಿಗೆಯನ್ನು ಶಿವಕುಮಾರ ಶರ್ಮರು 1955ರಲ್ಲಿ ಮುಂಬಯಿಯ ಸಭೆಗೆ ತಂದಾಗ ಮೀಂಡಿಲ್ಲದ ವಾದ್ಯದಲ್ಲಿ ರಾಗವೆಲ್ಲಿ ಎಂದು ಮೂಗು ಮುರಿದವರು ಕಡಿಮೆಯಿರಲಿಲ್ಲ. ಶರ್ಮರು ತಂತಿಗಳನ್ನೂ ಅವುಗಳ ಹೊಂದಾಣಿಕೆಯನ್ನೂ ತಿದ್ದಿ, ಕೋಲನ್ನು ತಂತಿಯ ಮೇಲೆ ಜಾರಿಸುವ ಬಗೆಯನ್ನು ಕಂಡುಹಿಡಿದು ಬಾಯಿ ಮುಚ್ಚಿಸಿದರು. ಹಾರ್ಪಿಗೂ ದಾರಿಯಿಲ್ಲದಿಲ್ಲ. ಸೌಂಗ್ ನುಡಿಸುವವರು ಬಲಗೈಯಿಂದ ಮೀಟುತ್ತ ಎಡಗೈಯ ಹೆಬ್ಬೆರಳಿನಿಂದ ತಂತಿಯನ್ನು ಕೊರಳಿನ ಬುಡದಲ್ಲಿ ಒತ್ತಿ ಸ್ವರವನ್ನು ಏರಿಸುತ್ತಾರೆ. ಬರ್ಮಾದ ಹೆಬ್ಬೆರಳಿಗೆ ಸಾಧ್ಯವಾದದ್ದು ಧಾರವಾಡ ಸೀಮೆಯ ಹೆಬ್ಬೆರಳಿಗೆ ಸಾಧ್ಯವಾಗದೆಂದು ಹೇಳುವವರು ಮೊದಲು ಪ್ರಯತ್ನ ಮಾಡಿ ಸೋತು ಬಂದು ಹೇಳಲಿ.

ನಮಗೆ ಇದಕ್ಕಿಂತಲೂ ಮುಖ್ಯವಾದದ್ದು ಕಿವಿಯ ಶಿಕ್ಷಣ. ಇಪ್ಪತ್ತೆರಡು ಶ್ರುತಿಗಳೆಂದು ನಮ್ಮ ಪರೀಕ್ಷೆಗಳಲ್ಲಿ ಹುಡುಗರು ಬಾಯಿಪಾಠ ಬರೆಯುತ್ತಾರೆ. ಅವುಗಳನ್ನು ಕೇಳಿದವರೆಷ್ಟು ಜನ? ಭರತನು ಶ್ರುತಿಗಳನ್ನು ಎಣಿಸಿ ತೋರಿಸಿದ್ದು ಒಂದೇ ಅಳತೆಯ, ಒಂದೇ ಹೊಂದಾಣಿಕೆಯ ಎರಡು ವೀಣೆಗಳ ಮೇಲೆ. ಒಂದನ್ನು ಸ್ಥಿರವಾಗಿಟ್ಟು, ಇನ್ನೊಂದರ ಸ್ವರಗಳನ್ನು ನಾಲ್ಕು ಸಲ ಕ್ರಮವಾಗಿ ಇಳಿಸುತ್ತ, ಇಳಿದ ಸ್ವರವು ಸ್ಥಿರವೀಣೆಯ ಯಾವ ಸ್ವರದಲ್ಲಿ ಕೂಡುವದೆಂದು ನೋಡುತ್ತ ಹೋಗುವ ಪ್ರಯೋಗ ಅದು. ಸ್ವರಕ್ಕೊಂದು ಬಿಡಿತಂತಿಯಿರುವ ವಾದ್ಯದ ಮೇಲೆ ಇದು ಮಗುವಿಗೂ ತಿಳಿಯುವ ಆಟ. ಪೇಟಿಯ ಮೇಲೆ ಆಗದ ಮಾತು. ಪೇಟಿಯು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ವಾದ್ಯ. ಷಡ್ಜದ ತಂತಿಯನ್ನು ಐದು ಪಾಲು ಮಾಡಿ ನಾಲ್ಕು ಪಾಲನ್ನು ಮೀಟಿದರೆ ಬರುವ ಗಾಂಧಾರಕ್ಕಿಂತ ಪೇಟಿಯ ಗಾಂಧಾರವು ಏರು. ಸಾಂಗಲಿಯ ದೇವಲರೂ ಕ್ಲೆಮೆಂಟ್ಸ್ ಸಾಹೇಬರೂ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಕಾರಣಕ್ಕಾಗಿ ಇಪ್ಪತ್ತೆರಡು ಶ್ರುತಿಗಳ ಪೇಟಿಯನ್ನು ಮಾಡಿಸಿ ಕೈ ಸುಟ್ಟುಕೊಂಡರು. ಇಂದು ತಂಬೂರಿಯನ್ನು ಕೂಡ ಜೇಬಿನೊಳಗಿನ ಫೋನು ನುಡಿಸುತ್ತಿದೆ. ತಂತಿಯ ಕಿವಿ ತಿರುಹಿ ತಾನಾಗಿ ಶ್ರುತಿಗೂಡಿಸುವ ಅಭ್ಯಾಸವು ಮಕ್ಕಳ ಕೈಯಿಂದ ಜಾರಿಹೋಗುತ್ತಲಿದೆ. ಇಪ್ಪತ್ತೆರಡು ತಂತಿಗಳ ಒಂದು ಚಿಕ್ಕ ಹಾರ್ಪು, ಎಂದರೆ ಮೂರು ಸಪ್ತಕಗಳು ಮತ್ತು ಮೇಲಿನ ಷಡ್ಜ, ಶಾಲೆಯಲ್ಲಿದ್ದರೆ ದಿನವೂ ಬೆಳಿಗ್ಗೆ ಇಪ್ಪತ್ತೆರಡು ಸಲ ಮಗುವು ತನ್ನ ಕಿವಿಯನ್ನು ಪ್ರಶ್ನಿಸಿಕೊಳ್ಳಬೇಕಾಗುವದು. ಭೂಪ, ದುರ್ಗಾ, ಮಾಲಕಂಸಗಳಿಗೆ ಹೊಂದಿಸುತ್ತ ಹೋದಂತೆ ರಾಗಗಳ ಅಂತರವು ಕೈಗೇ ತಿಳಿಯುವದು.

ಹೊಟ್ಟೆಯ ಮಾತನ್ನು ಎತ್ತುವವರಿದ್ದಾರೆ. “ಅಂಧ ಮಕ್ಕಳು ತಬಲಾ ಪೇಟಿ ಕಲಿತರೆ ನಾಲ್ಕು ಕಾಸು ಗಳಿಸುವರು, ಹಾರ್ಪನ್ನು ಕಲಿತು ಯಾರ ಮನೆಯ ಮುಂದೆ ನಿಲ್ಲಬೇಕು?” ಇದನ್ನು ಹಗುರಾಗಿ ತಳ್ಳಿಹಾಕುವವರು ನಾವಲ್ಲ. ಆದರೆ ಹಾರ್ಪಿನ ಇತಿಹಾಸದಲ್ಲಿ ಅಂಧರಿಗಿರುವ ಸ್ಥಾನ ಬೇರೆ ವಾದ್ಯಗಳಲ್ಲಿ ಅಪರೂಪ. ಐರ್ಲಂಡದ ಕ್ಯಾರೊಲನ್ (1670–1738) ಸಿಡುಬಿನಿಂದ ಕಣ್ಣು ಕಳೆದುಕೊಂಡು, ಹಾರ್ಪು ಕಲಿತು, ಕುದುರೆಯೇರಿ ಊರಿಂದೂರಿಗೆ ನುಡಿಸುತ್ತ ಬಾಳಿದನು. ಅವನ ರಚನೆಗಳು ಇಂದಿಗೂ ಆ ನಾಡಿನ ಬಾಯಲ್ಲಿವೆ. 1792ರಲ್ಲಿ ಬೆಲ್‌ಫಾಸ್ಟಿನಲ್ಲಿ ಹಳೆಯ ಹಾರ್ಪಿನವರ ಕೂಟವೊಂದು ನೆರೆದಾಗ ಬಂದ ಹತ್ತು ಜನ ಐರಿಶರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಣ್ಣಿರಲಿಲ್ಲ. ಅವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಳು. ಆ ಬಳಿಕ 1808ರಲ್ಲಿ ಅದೇ ಊರಿನಲ್ಲಿ ಅಂಧ ಮಕ್ಕಳಿಗಾಗಿಯೇ ಹಾರ್ಪಿನ ಶಾಲೆ ತೆರೆಯಿತು. ಗುರುವಾದ ಆರ್ಥರ್ ಓನೀಲನೂ ಅಂಧನೇ. ಐದು ವರ್ಷಗಳಲ್ಲಿ ಶಾಲೆ ಮುಚ್ಚಿತು. ವಿದ್ಯಾರ್ಥಿಗಳಿಲ್ಲದೆ ಮುಚ್ಚಲಿಲ್ಲ, ವಂತಿಗೆ ಕೊಡುವವರ ಉತ್ಸಾಹ ಇಳಿದು ಮುಚ್ಚಿತು. ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯರು, ದಾನದ ಅನ್ನ: ಗದುಗಿನವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕೇ? ನಮ್ಮಲ್ಲಿ ಅದು ಮುಚ್ಚಲಿಲ್ಲ; ನಾಟಕವಾಡಿ, ಜೋಳಿಗೆ ಹಿಡಿದು ನಡೆಸಿದವರಿದ್ದರು. ಅಂಥ ನೆಲದಲ್ಲಿ ಒಂದು ವಾದ್ಯ ಹೆಚ್ಚಾದರೆ ಅನ್ನ ಕಡಿಮೆಯಾಗುವದೆಂದು ನಾವು ನಂಬಲಾರೆವು. ಪೇಟಿ ಬಾರಿಸುವವರು ನೂರು ಜನರಿದ್ದಲ್ಲಿ ನೂರೊಂದನೆಯವನಿಗೆ ಸಿಗುವ ಕಾಸಿಗಿಂತ, ಯಾರೂ ನುಡಿಸದ ವಾದ್ಯವನ್ನು ನುಡಿಸುವ ಒಬ್ಬನಿಗೆ ಕರೆ ಬರುವ ಸಂಭವವೇ ಹೆಚ್ಚು.

ಹೆಣ್ಣುಮಗಳು ಇಷ್ಟು ದೊಡ್ಡ ವಾದ್ಯವನ್ನು ಹೊತ್ತು ಎಲ್ಲಿಗೆ ಹೋಗುವಳೆಂದೂ ಆ ದಿನ ಒಬ್ಬರು ಕೇಳಿದ್ದರು. ಯುರೋಪದಲ್ಲಿ ಬಹುಕಾಲ ಹಾರ್ಪು ಹೆಣ್ಣುಮಕ್ಕಳ ವಾದ್ಯವೆಂದೇ ಎಣಿಕೆಯಾಗಿತ್ತು. ಆದರೂ ವಿಯೆನ್ನಾದ ಪ್ರಖ್ಯಾತ ವಾದ್ಯವೃಂದವು, ತನ್ನೊಡನೆ ವರ್ಷಾನುವರ್ಷ ನುಡಿಸುತ್ತ ಬಂದ ಆನಾ ಲೆಲ್ಕೆಸ್ ಎಂಬ ಹಾರ್ಪುಗಾರ್ತಿಯನ್ನು ತನ್ನ ಸದಸ್ಯಳೆಂದು ಒಪ್ಪಿಕೊಂಡದ್ದು 1997ರಲ್ಲಿ. ಅದೇ ವರ್ಷ ನಮ್ಮ ಗದಗ ಜಿಲ್ಲೆಯು ಧಾರವಾಡದಿಂದ ಬೇರೆಯಾಯಿತು. ಇಂಥ ವಿಷಯದಲ್ಲಿ ನಮ್ಮ ಸೀಮೆ ವಿಯೆನ್ನಾಕ್ಕಿಂತ ಹಿಂದುಳಿದದ್ದೇನೂ ಅಲ್ಲ. ಗಂಗೂಬಾಯಿ ಹಾನಗಲ್ಲರು ಅದಕ್ಕೆ ಎಷ್ಟೋ ದಶಕಗಳ ಮೊದಲೇ ಕುಹಕಗಳನ್ನು ನುಂಗಿ ಸಭೆಯ ನಡುವೆ ಕುಳಿತು ಹಾಡಿದವರು.

ಕಲಿಯಬೇಕೆಂಬ ಮಗುವಿಗೆ ಕಲಿಸುವ ಮನೆ ಊರಿನಲ್ಲಿಲ್ಲದಿದ್ದರೆ ಏನಾಗುವದೆಂಬುದು ನಮ್ಮ ಸೀಮೆಗೆ ಗೊತ್ತಿಲ್ಲದ ಸಂಗತಿಯಲ್ಲ. 1933ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಗದುಗಿನ ಮನೆಯನ್ನು ಬಿಟ್ಟು ಓಡಿದನು. ಗ್ವಾಲಿಯರ ಮೊದಲಾಗಿ ಊರೂರು ಅಲೆದು, ಕೊನೆಗೆ ಅವನಿಗೆ ಗುರು ಸಿಕ್ಕದ್ದು ಇಲ್ಲಿಯೇ ಸಮೀಪದ ಕುಂದಗೋಳದಲ್ಲಿ. ಆ ಹುಡುಗನಿಗೆ ಭಾರತರತ್ನವಾಯಿತೆಂದು ನಾವೆಲ್ಲ ಹಿಗ್ಗಿದೆವು. ಆದರೆ ಓಡಿಹೋದ ಹುಡುಗರೆಲ್ಲರೂ ಭೀಮಸೇನ ಜೋಶಿಯವರಾಗುವದಿಲ್ಲ. ಹುಡುಗಿಯರಿಗೆ ಓಡುವ ಅನುಕೂಲವೂ ಇಲ್ಲ.

ಆದಕಾರಣ ನಮ್ಮ ಬೇಡಿಕೆ ಇಷ್ಟೇ. 47 ತಂತಿಗಳ ದೊಡ್ಡ ಹಾರ್ಪಿಗೆ ಹತ್ತಾರು ಲಕ್ಷ ರೂಪಾಯಿ ಬೇಕು; ಅದನ್ನು ಯಾರೂ ಕೇಳುತ್ತಿಲ್ಲ. ಚಿಕ್ಕ ಹಾರ್ಪೊಂದನ್ನು ನಮ್ಮ ಸಂಘವು ಕೊಂಡು ಗದುಗಿನ ಸಂಗೀತಶಾಲೆಗೆ ಒಪ್ಪಿಸಲಿ. ಅದನ್ನು ಮಾದರಿಯಾಗಿಟ್ಟುಕೊಂಡು ನಮ್ಮ ಬಡಿಗರು ಎರಡನೆಯದನ್ನು ಮಾಡಲಿ. ಹಲಗೆ ತೆಳುವಾದರೆ ತಂತಿಯ ಎಳೆತಕ್ಕೆ ಸೀಳುವದು, ದಪ್ಪವಾದರೆ ನಾದ ಹೊರಡದು; ಮೊದಲಿನ ಒಂದೆರಡು ಕೆಡುವವು, ಕೆಡಲಿ. ಹಾರ್ಪು ಬಲ್ಲವರೊಬ್ಬರನ್ನು ಒಂದು ಬೇಸಿಗೆಯ ಮಟ್ಟಿಗೆ ಕರೆಯಿಸಿ, ಸಿತಾರು ಪಿಟೀಲು ಕಲಿಸುವ ನಮ್ಮ ಗುರುಗಳನ್ನು ಅವರ ಎದುರಿಗೆ ಕೂಡ್ರಿಸಲಿ. ಮುಂದಿನದನ್ನು ಆ ಗುರುಗಳೇ ನೋಡಿಕೊಳ್ಳುವರು. ಪ್ರತಿವರ್ಷ ಸಂಘದ ಉತ್ಸವದಲ್ಲಿ ಶಾಲು ಹಾರಗಳಿಗೆ ಸಲ್ಲುವ ಹಣದಲ್ಲಿಯೇ ಇದು ಆಗಬಹುದೆಂದು ಲೆಕ್ಕಪತ್ರ ಓದಿದ ಸದಸ್ಯರಿಗೆ ತಿಳಿಯದೇ ಇಲ್ಲ.

ಆ ದಿನ ಸಂಜೆ ನಾವು ಹೊರಟು ನಿಂತಾಗ ಹುಡುಗಿಯು ಬಾಗಿಲವರೆಗೆ ಬಂದು ಇನ್ನೊಂದು ಮಾತು ಕೇಳಿದಳು. ತಂಬೂರಿಯ ಖರಜದ ತಂತಿಯನ್ನು ಬಹಳ ಹೊತ್ತು ಮೀಟುತ್ತಿದ್ದರೆ ಅದರೊಳಗಿಂದ ಒಂದು ಗಾಂಧಾರವು ತಾನಾಗಿಯೇ ಕೇಳಿಸುವದಂತೆ. ಅದಕ್ಕೆ ಸರಿಯಾಗಿ ಅವಳು ಸ್ವರಮಂಡಲದ ಗಾಂಧಾರವನ್ನು ಕೂಡಿಸಿಕೊಂಡಿದ್ದಳು. ಪೇಟಿಯೊಡನೆ ನುಡಿಸಿದರೆ ಅದು ಹೊಂದುವದಿಲ್ಲ. “ಯಾವುದು ಖರೇ ಐತ್ರಿ ಕಾಕಾ?” ಎಂದಳು. ಪಾಠ ಹೇಳುವವರು ಏನೆಂದರೆಂದು ಕೇಳಿದೆವು. ಪೇಟಿಗೆ ಸರಿಯಾಗಿ ಏರಿಸಿಕೋ ಎಂದಿದ್ದರಂತೆ.